ಮಾರ್ಚ್ 31ರ ರಜೆ ಅರ್ಜಿ

ನಾನು ಲೆಕ್ಕಪತ್ರ ವಿಭಾಗದ ನೌಕರ. ಮಾರ್ಚ್ 31 ಎಂದರೆ ನಮ್ಮ ಕುಲಕ್ಕೆ ಗ್ರಹಣದ ದಿನ. ಅಂದು ಊಟ, ನಿದ್ದೆ, ನೆಂಟಸ್ತನ ಯಾವುದೂ ಸಲ್ಲದು. ವರ್ಷದ ಮುನ್ನೂರ ಅರವತ್ತೈದು ದಿನಗಳಲ್ಲಿ ಬೇರೆ ದಿನವೇ ಸಿಗಲಿಲ್ಲವೆಂಬಂತೆ, 1972ರ ಮಾರ್ಚ್ 31ರ ಶುಕ್ರವಾರವೇ ಸಿದ್ದಲಿಂಗಯ್ಯನವರ ನಿರ್ದೇಶನದ ‘ಬಂಗಾರದ ಮನುಷ್ಯ’ ಬಿಡುಗಡೆಯಾದದ್ದು ನನ್ನ ಜಾತಕದ ದೋಷವೆಂದೇ ಹೇಳಬೇಕು.

ನಮ್ಮ ಮನೆಯಲ್ಲಿ ಎರಡು ಪಂಚಾಂಗಗಳಿವೆ. ಒಂದು ಗೋಡೆಯ ಮೊಳೆಗೆ ನೇತುಬಿದ್ದಿರುವುದು, ಇನ್ನೊಂದು ನನ್ನ ತಲೆಯಲ್ಲಿರುವುದು. ಎರಡನೆಯದರ ಪ್ರಕಾರ ಮಾರ್ಚ್ 3 ಎಂದರೆ 1934ರಲ್ಲಿ ಸಿಟಿ ಮಾರ್ಕೆಟ್ ಬಳಿಯ ಪ್ಯಾರಾಮೌಂಟ್ ಟಾಕೀಸಿನ ಪರದೆ ‘ಸತಿ ಸುಲೋಚನ’ದ ಮೂಲಕ ಮೊದಲ ಬಾರಿಗೆ ಕನ್ನಡ ಮಾತನಾಡಿದ ದಿನ. ಡಿಸೆಂಬರ್ 29ರಂದು ಎರಡು ಹಬ್ಬ ಒಟ್ಟಿಗೆ ಬರುತ್ತವೆ: 1972ರ ‘ನಾಗರಹಾವು’, 2006ರ ‘ಮುಂಗಾರು ಮಳೆ’. ಹೆಂಡತಿಯ ಹುಟ್ಟಿದ ದಿನವನ್ನು ಮರೆತರೂ ಇವನ್ನು ಮರೆಯಲಾರೆನೆಂಬ ಧೈರ್ಯದಿಂದ ಎಟಿಎಂ ಕಾರ್ಡಿಗೆ ಡಿಸೆಂಬರ್ 29ರ ಗುಪ್ತಸಂಖ್ಯೆಯನ್ನೇ ಇಟ್ಟಿದ್ದೆ. ಒಂದು ದಿನ, ಹಿಂದೆ ಆರು ಜನ ಸಾಲುಗಟ್ಟಿ ನಿಂತಿದ್ದಾಗ, ಅದು ಯಾವ ಚಿತ್ರದ ಡಿಸೆಂಬರ್ 29 ಎಂಬ ಸಂಶಯ ಬಂತು. 2972 ಒತ್ತಿದೆ, ಯಂತ್ರ ಒಪ್ಪಲಿಲ್ಲ. 2906 ಒತ್ತಿದೆ, ಅದೂ ಆಗಲಿಲ್ಲ. ಬೆವೆತ ಬೆರಳು ಜಾರಿರಬಹುದೆಂದು ಮತ್ತೆ 2906 ಒತ್ತಿದಾಗ ಕಾರ್ಡ್ ಬ್ಲಾಕ್ ಆಯಿತು. ನಾನು ಇಟ್ಟಿದ್ದದ್ದು ಸರಳವಾಗಿ 2912 ಎಂಬುದು ಮರುದಿನ ಸ್ನಾನ ಮಾಡುವಾಗ ಹೊಳೆಯಿತು. ಆ ಕಾರ್ಡಿನ ಸಂಖ್ಯೆಯನ್ನು ಈಗ ಬದಲಾಯಿಸಿರುವುದರಿಂದಲೇ ಇದನ್ನು ಇಷ್ಟು ಧಾರಾಳವಾಗಿ ಬರೆಯುತ್ತಿದ್ದೇನೆ.

ಇರಲಿ. 2022ರಲ್ಲಿ ‘ಬಂಗಾರದ ಮನುಷ್ಯ’ಕ್ಕೆ ಐವತ್ತು ತುಂಬಿತು. ಆ ಚಿತ್ರ ಎರಡು ವರ್ಷ ಓಡಿದ ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದ ಮುಂದೆ, ಮುಂದೆ ಭೂಮಿಕಾ ಎಂದು ಹೆಸರು ಬದಲಾದ ಅದೇ ಜಾಗದಲ್ಲಿ, ಅಪ್ಪನನ್ನು ಕರೆದುಕೊಂಡು ಹೋಗಿ ನಿಲ್ಲಿಸಬೇಕೆಂಬುದು ನನ್ನ ಬಹುದಿನದ ಆಸೆಯಾಗಿತ್ತು. ಏಕೆಂದರೆ “ಸ್ಟೇಟ್ಸ್‌ನಲ್ಲಿ ಬಂಗಾರದ ಮನುಷ್ಯ” ಎಂದು ಶುರುವಾಗುವ ಅವರ ಕಥೆಯನ್ನು ಕೇಳಿಯೇ ನಾನು ಬೆಳೆದದ್ದು. ಇದಕ್ಕೆ ಬೇಕಾದದ್ದು ಅರ್ಧ ದಿನದ ರಜೆ. ಸಿನಿಮಾದ ಕಾರಣ ಹೇಳಿದರೆ ಸಿಗದು. ಸುಳ್ಳು ಹೇಳುವ ಅಭ್ಯಾಸವೂ ನನಗಿಲ್ಲ. ಆದ್ದರಿಂದ ಒಂದು ಸಂಜೆಯೆಲ್ಲ ಕುಳಿತು, ಒಂದಕ್ಷರವೂ ಸುಳ್ಳಾಗದಂತೆ ಹೀಗೆ ಬರೆದೆ: “ನಮ್ಮ ತಂದೆಯವರು ಬಹಳವಾಗಿ ಗೌರವಿಸುವ ರಾಜೀವ ಎಂಬ ಹಿರಿಯರು, ಒಡಹುಟ್ಟಿದವಳ ಸಂಸಾರವನ್ನು ನೆಲೆಗೆ ಹಚ್ಚಿ, ಕೊನೆಗೆ ಉಟ್ಟ ಬಟ್ಟೆಯಲ್ಲಿ ಮನೆ ಬಿಟ್ಟು ಹೊರಟುಹೋಗಿ ಇದೇ 31ಕ್ಕೆ ಐವತ್ತು ವರ್ಷಗಳಾಗುವುದರಿಂದ, ಮಧ್ಯಾಹ್ನದ ನಂತರ ರಜೆ ಕೋರುತ್ತೇನೆ.”

ಮುಂಬಯಿಯಿಂದ ವರ್ಗವಾಗಿ ಬಂದಿದ್ದ ನಮ್ಮ ಮೇಡಂ ಅದನ್ನು ಎರಡು ಸಲ ಓದಿಸಿಕೊಂಡು, ಕನ್ನಡಕ ತೆಗೆದು, “ಅವರ ಸುಳಿವೇ ಸಿಗಲಿಲ್ಲವೇ?” ಎಂದು ಕೇಳಿದರು. “ಇಲ್ಲ ಮೇಡಂ, ಆಮೇಲೆ ತೆರೆ ಬಿತ್ತು” ಎಂದೆ. ಅವರು ಅದನ್ನು ಗಾದೆಯೆಂದು ತಿಳಿದರೋ ಏನೋ, ಮರುಮಾತಿಲ್ಲದೆ ಸಹಿ ಹಾಕಿದರು.

ಹಿಂದೆಲ್ಲ ನೂರು ದಿನ, ಇಪ್ಪತ್ತೈದು ವಾರ ಎಂದು ಚಿತ್ರ ಓಡಿದ ಲೆಕ್ಕಕ್ಕೆ ಉತ್ಸವ ನಡೆಯುತ್ತಿತ್ತು. ಈಗ ಚಿತ್ರ ಮೂರೇ ವಾರಕ್ಕೆ ಎತ್ತಂಗಡಿಯಾಗಿದ್ದರೂ ಹತ್ತು ವರ್ಷ ಕಳೆಯಿತೆಂಬುದೇ ಉತ್ಸವಕ್ಕೆ ಸಾಕು. ಲೆಕ್ಕಿಗನಾದ ನನಗೆ ಮೊದಲಿನದು ಗಳಿಕೆ, ಎರಡನೆಯದು ಬರೀ ಸವಕಳಿ ಎಂದು ತೋರುತ್ತದೆ.

ಬೆಳಿಗ್ಗೆ ಬೇಕರಿಗೆ ಫೋನ್ ಮಾಡಿ, ಮೊಟ್ಟೆ ಹಾಕದ ಒಂದು ಕೆಜಿ ಕೇಕಿನ ಮೇಲೆ ಐವತ್ತನೆಯ ವರ್ಷವೆಂದೂ ಬಂಗಾರದ ಮನುಷ್ಯ ಎಂದೂ ಬರೆಯಬೇಕೆಂದು ಹೇಳಿದ್ದೆ. ಐವತ್ತು ಮತ್ತು ಬಂಗಾರ ಎಂಬ ಎರಡು ಮಾತು ಕೇಳಿದ ಹುಡುಗ ಉಳಿದದ್ದನ್ನು ತಾನೇ ಊಹಿಸಿಕೊಂಡಿದ್ದ. ಡಬ್ಬ ತೆಗೆದು ನೋಡಿದರೆ, ಮೇಲೆ ‘50ನೇ ವಿವಾಹ ವಾರ್ಷಿಕೋತ್ಸವದ ಶುಭಾಶಯಗಳು’, ಕೆಳಗೆ ‘ಬಂಗಾರ’, ನಡುವೆ ಕೆಂಪು ಹೃದಯ, ಅದರ ಆಚೆ ‘ಮನುಷ್ಯ’. ನನ್ನ ಹೆಂಡತಿ ಬಹಳ ಹೊತ್ತು ನೋಡಿ, “ಇಬ್ಬರಲ್ಲಿ ಹೆಣ್ಣಿನ ಕಡೆಯವರು ಯಾರು?” ಎಂದು ಮಾತ್ರ ಕೇಳಿದಳು.

ಮಧ್ಯಾಹ್ನ ರಾಜಾಜಿನಗರದಿಂದ ಬಸ್ಸು ಹತ್ತಿ ಮೆಜೆಸ್ಟಿಕ್‌ನಲ್ಲಿ ಇಳಿದೆವು. ಮೆಜೆಸ್ಟಿಕ್ ಎಂಬ ಟಾಕೀಸು ಹೋದರೂ ಹೆಸರು ಬಸ್ ನಿಲ್ದಾಣಕ್ಕೆ ಅಂಟಿಕೊಂಡೇ ಇದೆ. ಕೆಂಪೇಗೌಡ ರಸ್ತೆಯ ಜನಜಂಗುಳಿಯಲ್ಲಿ ಅಪ್ಪನ ಕೈ ಹಿಡಿದು ನಡೆಸಿಕೊಂಡು ಹೋಗಿ, ಚಿತ್ರಮಂದಿರದ ಎದುರು ನಿಲ್ಲಿಸಿ, “ಅಪ್ಪ, ಮೊದಲ ಸಲ ನೋಡಿದಾಗ ಬಾಲ್ಕನಿಯೋ, ಗಾಂಧಿ ಕ್ಲಾಸೋ?” ಎಂದು ಕೇಳಿದೆ. ಅವರು ಕತ್ತೆತ್ತಿ ಕಟ್ಟಡವನ್ನು ಮೇಲಿಂದ ಕೆಳಗೆ ನೋಡಿ, “ಇಲ್ಲೆಲ್ಲಿ ನೋಡ್ದೆ ಕಣೋ? ಮಾಗಡಿ ಕಡೆಯಿಂದ ಮೂರು ಸಲ ಬಂದೆ, ಮೂರು ಸಲವೂ ಹೌಸ್‌ಫುಲ್ ಬೋರ್ಡು. ಆಮೇಲೆ ನಮ್ಮೂರ ಜಾತ್ರೇಲಿ ಟೆಂಟ್ ಹಾಕಿದಾಗ ನೋಡಿದ್ದು” ಎಂದರು. “ಮತ್ತೆ ಇಷ್ಟು ವರ್ಷ ಸ್ಟೇಟ್ಸ್‌ನಲ್ಲಿ ಅಂತ ಹೇಳ್ತಿದ್ದೆಯಲ್ಲ?” ಎಂದರೆ, “ಕಥೆ ಪೂರ್ತಿ ಕೇಳೋಕೆ ನೀನೆಲ್ಲಿ ಬಿಟ್ಟೆ?” ಎಂದರು.

ಅಷ್ಟರಲ್ಲಿ ಕಚೇರಿಯಿಂದ ಫೋನ್ ಬಂತು. ಲೆಡ್ಜರ್ ತೆರೆಯುವ ಪಾಸ್‌ವರ್ಡ್ ನನಗೊಬ್ಬನಿಗೇ ಗೊತ್ತಿತ್ತು. ಬಸ್ಸುಗಳ ಹಾರ್ನಿನ ನಡುವೆ, “ಮೂರು, ಒಂದು, ಸೊನ್ನೆ, ಮೂರು, ಒಂದು, ಒಂಬತ್ತು, ಏಳು, ಎರಡು” ಎಂದು ಕೂಗಿ ಹೇಳಿದೆ. ಆ ಕಡೆ ಗುಂಡಿಗಳನ್ನು ಒತ್ತುವ ಸದ್ದು ನಿಂತು, ಫೋನು ಕೈ ಬದಲಾಯಿಸಿ, ಮೇಡಂ ತಗ್ಗಿದ ದನಿಯಲ್ಲಿ ಕೇಳಿದರು: “ಅವರು ಹೋದ ದಿನವನ್ನೇ ಇಟ್ಟುಕೊಂಡಿದ್ದೀರಿ, ಪಾಪ. ಹುಡುಕಲು ಹೋಗಿದ್ದಿರಲ್ಲ, ಸಿಕ್ಕಿದರೇ?”

“ಇಲ್ಲ ಮೇಡಂ,” ಎಂದೆ. “ನಮ್ಮಪ್ಪ ಮೂರು ಸಲ ಬಂದಾಗಲೂ ಸಿಗಲಿಲ್ಲವಂತೆ.”