ಗ್ಯಾರಡ್ ಸಾರ್, ನಿಮ್ಮ ಎಚ್ ಎಷ್ಟು?

ವೈದ್ಯಕೀಯ ಸಂಶೋಧಕರನ್ನು ಅಳೆಯುವುದು ಈಗ ಬಹಳ ಸುಲಭ. ಅವರು ಬರೆದದ್ದನ್ನು ಓದಬೇಕಾಗಿಲ್ಲ. ಬರೆದದ್ದು ಜೀನ್ ಬಗ್ಗೆಯೋ ಇನ್ಸುಲಿನ್ ಬಗ್ಗೆಯೋ ಎಂದು ಗೊತ್ತಿರಬೇಕಾಗಿಯೂ ಇಲ್ಲ. ಎಚ್-ಇಂಡೆಕ್ಸ್ ಎಷ್ಟು ಎಂದು ಕೇಳಿದರೆ ಮುಗಿಯಿತು. ತಲಾ ಕನಿಷ್ಠ 40 ಸೈಟೇಶನ್, ಅಂದರೆ ಬೇರೆ ಪೇಪರುಗಳಲ್ಲಿ ಉಲ್ಲೇಖ, ಬಂದ 40 ಪೇಪರ್ ಇದ್ದರೆ ಎಚ್ 40. ಎಣಿಸಲು ಬಂದರೆ ಸಾಕು, ಯಾರು ಬೇಕಾದರೂ ಆಯ್ಕೆ ಸಮಿತಿಯಲ್ಲಿ ಕೂರಬಹುದು.

ಈ ಲೆಕ್ಕವನ್ನು 2005ರಲ್ಲಿ ಕೊಟ್ಟವರು ಹಿರ್ಶ್ ಎಂಬ ಭೌತವಿಜ್ಞಾನಿ. ಇದರಿಂದ ಅನಾಹುತವೂ ಆಗಬಹುದು ಎಂದು 2020ರಲ್ಲಿ ಅವರೇ ಬರೆದರು. ಆ ಬರಹವನ್ನು ಯಾರಾದರೂ ಉಲ್ಲೇಖಿಸಿದರೆ ಅದೂ ಅವರ ಖಾತೆಗೇ ಜಮೆ.

ಜಮೆ ಅಂದರೆ ಜಮೆಯೇ. ಹೊಗಳಿದರೂ ಒಂದು, ಬೈದರೂ ಒಂದು. ಲಸಿಕೆಗೂ ಆಟಿಸಂಗೂ ಗಂಟು ಹಾಕಿದ 1998ರ ಪೇಪರನ್ನು ಲ್ಯಾನ್ಸೆಟ್ ಜರ್ನಲ್ 2010ರಲ್ಲಿ ವಾಪಸ್ ಪಡೆಯಿತು. ಅದು ತಪ್ಪು ಎಂದು ಹೇಳುವುದಕ್ಕೇ ನೂರಾರು ಲೇಖಕರು ಅದನ್ನು ಉಲ್ಲೇಖಿಸಿದ್ದಾರೆ. ಒಂದೊಂದು ಬೈಗುಳವೂ ಒಂದೊಂದು ಅಂಕ! ಇನ್ನು ನಮ್ಮ ಪೇಪರನ್ನು ನಾವೇ ಉಲ್ಲೇಖಿಸಿಕೊಳ್ಳುವುದಂತೂ ಇದ್ದೇ ಇದೆ. 'ಲೇಖಕರು ಈ ಮೂರು ಮುಖ್ಯ ಪೇಪರ್‌ಗಳನ್ನು ಗಮನಿಸಿದಂತಿಲ್ಲ' ಎಂದು ಪ್ರಕಟಣೆಗೆ ಮೊದಲು ಪೇಪರ್ ಪರಿಶೀಲಿಸುವ ರಿವ್ಯೂವರ್ ಬರೆದು ಕಳಿಸಿದರೆ, ಆ ಮೂರೂ ಯಾರದ್ದು ಎಂದು ಕೇಳುವುದು ಸಭ್ಯತೆಯಲ್ಲ. ಸುಮ್ನೆ ಸೇರಿಸಬೇಕು.

ಹಂಚಿಕೆಯಲ್ಲಂತೂ ಈ ಲೆಕ್ಕದಷ್ಟು ಧಾರಾಳ ಬೇರೆ ಯಾವುದೂ ಇಲ್ಲ. 2015ರಲ್ಲಿ ಹಣ್ಣುನೊಣದ ಜೀನೋಮ್ ಬಗ್ಗೆ ಬಂದ ಒಂದು ಪೇಪರ್‌ಗೆ 1,014 ಲೇಖಕರು. ಅವರಲ್ಲಿ 900ಕ್ಕೂ ಜಾಸ್ತಿ ಜನ ವಿದ್ಯಾರ್ಥಿಗಳು. ಪಾಪ, ನಿಜಕ್ಕೂ ಕೂತು ಕೆಲಸ ಮಾಡಿದವರು, ಅವರನ್ನು ಆಡಿಕೊಳ್ಳುವಂತಿಲ್ಲ. ಆದರೆ ಅದಕ್ಕೆ ಒಂದು ಸೈಟೇಶನ್ ಬಂದರೆ 1,014 ಖಾತೆಗಳಿಗೂ ಇಡೀ ಒಂದೊಂದು ಜಮೆ. ಭಾಗಾಕಾರ ಸಮಿತಿಯ ಪಠ್ಯದಲ್ಲಿ ಇಲ್ಲ.

ಹುಟ್ಟಿರಲೇಬೇಕು ಎಂಬ ನಿಯಮವೂ ಇಲ್ಲ. ಕಂಪ್ಯೂಟರ್ ಹೆಣೆದ ಅರ್ಥವಿಲ್ಲದ ಪೇಪರ್‌ಗಳನ್ನು ಒಂದಕ್ಕೊಂದು ಉಲ್ಲೇಖಿಸುವಂತೆ ಜೋಡಿಸಿ, ಸಿರಿಲ್ ಲಾಬೆ ಎಂಬ ಫ್ರೆಂಚ್ ಸಂಶೋಧಕರು 2010ರಲ್ಲಿ ಐಕ್ ಆಂಟ್ಕೇರ್ ಎಂಬ ವಿಜ್ಞಾನಿಯನ್ನು ಸೃಷ್ಟಿಸಿದರು. ಗೂಗಲ್ ಸ್ಕಾಲರ್ ಪ್ರಕಾರ ಆ ಇಲ್ಲದ ಮನುಷ್ಯನ ಎಚ್ 94ಕ್ಕೆ ಏರಿತು. ಲೆಕ್ಕದಲ್ಲಿ ಐನ್‌ಸ್ಟೈನ್ ಕೂಡ ಆಗ ಆತನ ಹಿಂದೆ ಬಿದ್ದರು.

ಈಗ ಇಂಥ ಸಮಿತಿಯ ಮುಂದೆ ಲಂಡನ್ನಿನ ಡಾಕ್ಟರ್ ಆರ್ಚಿಬಾಲ್ಡ್ ಗ್ಯಾರಡ್ ಬಂದು ಕೂತಿದ್ದಾರೆ ಅಂದುಕೊಳ್ಳಿ.

"ಏನು ಸಂಶೋಧನೆ ಮಾಡಿದ್ದೀರಿ ಸಾರ್?"

"ಆಲ್ಕಾಪ್ಟೋನ್ಯೂರಿಯಾ. ಮೂತ್ರ ಗಾಳಿಗೆ ಕಪ್ಪಾಗುತ್ತದೆ. ರೋಗಿಗಳ ಅಪ್ಪ ಅಮ್ಮ ಬಹಳ ಸಲ ರಕ್ತಸಂಬಂಧಿಗಳು. ಇದು ಸೋಂಕಲ್ಲ, ಹುಟ್ಟಿನಿಂದಲೇ ಬಂದ ಮೆಟಬಾಲಿಸಂ ದೋಷ, ಅಂದರೆ ದೇಹದೊಳಗಿನ ರಾಸಾಯನಿಕ ಕೆಲಸದ ದೋಷ. ಮೆಂಡೆಲ್ ಹೇಳಿದ ಅನುವಂಶೀಯತೆಯ ನಿಯಮದಂತೆಯೇ ಬರುತ್ತದೆ. 1902ರಲ್ಲಿ ಬರೆದೆ."

"ಮೆಂಡೆಲ್ ಅಂದ್ರೆ? ಹಾಂ, ಬಟಾಣಿ ಗಿಡದವರು. 1866ರಲ್ಲಿ ಪೇಪರ್ ಬಂತು, 1900ರವರೆಗೆ ಹೆಚ್ಚುಕಡಿಮೆ ಯಾರೂ ಕೇಳಲಿಲ್ಲ. ಜರ್ನಲ್‌ನ ತೂಕ ಹೇಳುವ ಇಂಪ್ಯಾಕ್ಟ್ ಫ್ಯಾಕ್ಟರ್ ಹಿಂದಿನ ಎರಡೇ ವರ್ಷ ನೋಡುತ್ತದೆ ಸಾರ್. ಅವರಿಗೆ ಬೇಕಾದದ್ದು 34. ಅಂಥವರ ಹೆಸರು ಇಲ್ಲಿ ಹೇಳಬೇಡಿ."

ಗ್ಯಾರಡ್ ಬಗ್ಗೆಯೂ ದಶಕಗಟ್ಟಲೆ ಜೀನ್‌ತಜ್ಞರು ಅಷ್ಟಾಗಿ ಗಮನ ಕೊಡಲಿಲ್ಲ. ಜೀನ್‌ಗೂ ಮೆಟಬಾಲಿಸಂ ನಡೆಸುವ ಎಂಜೈಮ್‌ಗೂ ಇರುವ ನಂಟನ್ನು ಬೀಡಲ್ ಮತ್ತು ಟೇಟಮ್ 1941ರಲ್ಲಿ ಬೂಷ್ಟಿನ ಪ್ರಯೋಗದಿಂದ ತೋರಿಸಿದರು. 1958ರಲ್ಲಿ ನೊಬೆಲ್ ಬಂದಾಗ, ಇದನ್ನು ಗ್ಯಾರಡ್ ಮೊದಲೇ ಕಂಡಿದ್ದರು ಎಂದು ಬೀಡಲ್ ಹೇಳಿದರು. ಗ್ಯಾರಡ್ ತೀರಿಕೊಂಡು ಆಗಲೇ 22 ವರ್ಷ. ಪ್ರೊಮೋಶನ್ ಫೈಲಿಗೆ ಸೇರಿಸಲು ಕೊಂಚ ತಡವಾಯಿತು, ಅಲ್ವಾ?

ಆದರೂ ಸಮಿತಿ ಕಲ್ಲು ಮನಸ್ಸಿನದಲ್ಲ. ಅಧ್ಯಕ್ಷರು ಹತ್ತಿರ ಬಾಗಿ ಬುದ್ಧಿ ಹೇಳಿದರು. "ಇಷ್ಟೆಲ್ಲ ಒಂದೇ ಪೇಪರಿಗೆ ತುರುಕಿದ್ದೇ ನಿಮ್ಮ ತಪ್ಪು ಸಾರ್. ಮೂತ್ರಕ್ಕೊಂದು, ಕಪ್ಪು ಬಣ್ಣಕ್ಕೊಂದು, ರಕ್ತಸಂಬಂಧದ ಮದುವೆಗೊಂದು ಪೇಪರ್ ಮಾಡಿ. ಮೂರನ್ನೂ ಸೇರಿಸಿ ಒಂದು ರಿವ್ಯೂ. ನಾಲ್ಕರಲ್ಲೂ ನಾಲ್ಕನ್ನೂ ಉಲ್ಲೇಖಿಸಿ. ವಿಭಾಗದ ಮುಖ್ಯಸ್ಥರ ಹೆಸರು ಮರೀಬೇಡಿ. ಎರಡು ವರ್ಷ ಬಿಟ್ಟು ಬನ್ನಿ."

ಆಮೇಲೆ ಜವಾನನಿಗೆ ಮುಂದಿನವರನ್ನು ಕರೆಯಲು ಹೇಳಿದರು. ಆಂಟ್ಕೇರ್, ಆಂಟ್ಕೇರ್ ಎಂದು ಮೂರು ಸಲ ಕೂಗಿದರೂ ಯಾರೂ ಬರಲಿಲ್ಲ. ಪರವಾಗಿಲ್ಲ, 94 ಇದ್ದವರಿಗೆ ಸಂದರ್ಶನದಿಂದ ವಿನಾಯಿತಿ ಕೊಡಬಹುದು ಎಂದು ಸಮಿತಿ ಒಮ್ಮತದಿಂದ ಬರೆದುಕೊಂಡಿತು.