ಇಲ್ಲಿನ ಮಣ್ಣಿಗೆ ಬಯಕೆ ಯಾವಾಗ?

ಜನವರಿ 17ರ ರಾತ್ರಿ ಇಂಗ್ಲೆಂಡಿನ ಸಾಮರ್‌ಸೆಟ್‌ನಲ್ಲಿರುವ ಕಾರ್‌ಹ್ಯಾಂಪ್ಟನ್ ಅನ್ನೋ ಹಳ್ಳಿಯಲ್ಲಿ ಜನ ಸೇಬಿನ ಮರಕ್ಕೆ ಎಡೆ ಇಡುತ್ತಾರೆ. ಸುಟ್ಟ ಬ್ರೆಡ್ಡನ್ನು ಸೈಡರಿನಲ್ಲಿ ಅದ್ದಿ ಕೊಂಬೆಗೆ ಸಿಕ್ಕಿಸುತ್ತಾರೆ. ಅದು ರಾಬಿನ್ ಹಕ್ಕಿಯ ಪಾಲು. ಬುಡಕ್ಕೂ ಒಂದಿಷ್ಟು ಸೈಡರ್ ಸುರಿಯುತ್ತಾರೆ. ಆಮೇಲೆ ಹಾಡು, ಕೂಗು, ಆಕಾಶಕ್ಕೆ ಗುಂಡು. ಕೆಟ್ಟದ್ದು ಓಡಲಿ, ಮರಕ್ಕೆ ಎಚ್ಚರ ಆಗಲಿ, ಈ ವರ್ಷ ಹಣ್ಣು ಜಾಸ್ತಿ ಬಿಡಲಿ ಅಂತ. ಇದಕ್ಕೆ ವಾಸೇಲ್ ಎಂದು ಹೆಸರು. ಅಂದಹಾಗೆ, ಇಲ್ಲಿನ ಸೈಡರ್ ಶರಬತ್ತಲ್ಲ, ಸೇಬಿನ ಹೆಂಡ. ಮರಕ್ಕಿಂತ ಜನರ ಹೊಟ್ಟೆಗೇ ಹೆಚ್ಚು ಸೇರುತ್ತದೆ.

17ನೇ ತಾರೀಕೇ ಯಾಕೆ? 1752ರಲ್ಲಿ ಬ್ರಿಟನ್ ಹಳೇ ಕ್ಯಾಲೆಂಡರ್ ಬಿಟ್ಟು ಹೊಸದಕ್ಕೆ ಬಂತು. ಸೆಪ್ಟೆಂಬರ್ 2ರಂದು ಮಲಗಿದವರು 14ರಂದು ಎದ್ದರು. ಸರ್ಕಾರ 11 ದಿನ ತೆಗೆದುಹಾಕಿತು, ಆದರೆ ಸೇಬಿನ ಮರದವರು ಒಪ್ಪಲಿಲ್ಲ. ಕ್ರಿಸ್‌ಮಸ್ ಸಡಗರ ಮುಗಿಯುವ ಹನ್ನೆರಡನೇ ರಾತ್ರಿಯನ್ನು ಹಳೇ ಲೆಕ್ಕದಲ್ಲೇ ಹಿಡಿದುಕೊಂಡರು. ನಮ್ಮ ಸಂಕ್ರಾಂತಿಯ ಕಥೆಯೂ ಸ್ವಲ್ಪ ಹೀಗೇ. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ಕ್ಕೆ. ನಾವು ಎಳ್ಳು ಬೆಲ್ಲ ಹಂಚುವುದು ಜನವರಿ 14 ಅಥವಾ 15ಕ್ಕೆ. ಸುಮಾರು 72 ವರ್ಷಕ್ಕೆ ಒಂದು ದಿನದ ಹಾಗೆ ಜಾರುತ್ತಾ ಬಂದ ಲೆಕ್ಕ ಅದು. ಹಾಗಾಗಿ ಜನವರಿ ಮಧ್ಯದ ಆ ವಾರದಲ್ಲಿ ಇಲ್ಲಿನವರೂ ನಾವೂ ಅವರವರ ಹಳೇ ಲೆಕ್ಕಕ್ಕೆ ಅಂಟಿಕೊಂಡು ಹಬ್ಬ ಮಾಡುತ್ತಿರುತ್ತೇವೆ.

ನಮ್ಮೂರು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ. ಈಗ ಇರುವುದು ಬ್ರಿಸ್ಟಲ್‌ನಲ್ಲಿ. ಭೂಮಿ ಹುಣ್ಣಿಮೆ ಮಾಡುವ ಮನೆಯಲ್ಲಿ ಬೆಳೆದವನಿಗೆ ಮರಕ್ಕೆ ತಿನ್ನಿಸುವುದು ವಿಚಿತ್ರ ಅನ್ನಿಸುವುದಿಲ್ಲ. ಹಕ್ಕಿಗೆ ಬೇರೆ ಪಾಲು ತೆಗೆದಿಡುವುದಂತೂ ತೀರಾ ಮನೆಯ ಮಾತು. ನಮ್ಮಲ್ಲಿ ಭೂಮಿಗೊಂದು ಎಡೆ, ಕಾಗೆಗೊಂದು, ಇಲಿಗೊಂದು.

ವಾಸೇಲ್ ಮಾಡುವ ಹಳ್ಳಿಯವರಲ್ಲಿ ಹೆಚ್ಚಿನವರು ತಮ್ಮನ್ನು ಪೇಗನ್, ಅಂದರೆ ಪ್ರಕೃತಿಯನ್ನು, ಋತುಗಳನ್ನು ಪೂಜಿಸುವವರು, ಅಂತ ಕರೆದುಕೊಳ್ಳುವುದಿಲ್ಲ. ಅವರಿಗೆ ಅದು ಊರಿನ ರೂಢಿ, ಪಬ್ಬಿನ ಗೌಜು. ಆದರೆ ಅದನ್ನು ಧರ್ಮವಾಗಿಯೇ ನಡೆಸುವವರು ಈ ಭಾಗದಲ್ಲಿ ತುಂಬಾ ಇದ್ದಾರೆ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 74,000 ಜನ ಧರ್ಮದ ಜಾಗದಲ್ಲಿ ಪೇಗನ್ ಅಂತ ಬರೆದರು. ಮಾಟವನ್ನೂ ಪೂಜೆಯ ಭಾಗವಾಗಿಸಿಕೊಂಡ ಪೇಗನ್ ಪಂಥ ವಿಕ್ಕಾ ಅಂತ ಬರೆದವರು ಇನ್ನೂ 13,000. ಕುದುರೆಬಾಲದ ಗಡ್ಡ, ಬಿಳಿ ನಿಲುವಂಗಿ, ಕೈಯಲ್ಲೊಂದು ಕೋಲು ಅಂತ ಊಹಿಸಬೇಡಿ. ಜೂನ್ 21ರ ಬೆಳಗಿನ ಜಾವ ಸ್ಟೋನ್‌ಹೆಂಜ್‌ಗೆ ಹೋದರೆ ಅಂಥವರೂ ಸಿಗುತ್ತಾರೆ, ಕ್ಯಾಮೆರಾಗಳೂ ಅವರ ಹಿಂದೆಯೇ ಓಡುತ್ತವೆ. ಮಿಕ್ಕವರು ಬೆಳಿಗ್ಗೆ ಬಸ್ಸು ಹಿಡಿದು ಕೆಲಸಕ್ಕೆ ಹೋಗುವ ಮಂದಿ.

ನನ್ನ ಅಲಾಟ್‌ಮೆಂಟಿನ ಪಕ್ಕದವರೂ ಅಂಥವರೇ. ಅಲಾಟ್‌ಮೆಂಟ್ ಅಂದರೆ ಕೌನ್ಸಿಲ್ಲಿನವರು ತರಕಾರಿ ಬೆಳೆಯಲು ಬಾಡಿಗೆಗೆ ಕೊಡುವ ತುಂಡು ನೆಲ. ಹಳೇ ಅಳತೆಯಲ್ಲಿ ಹತ್ತು ರಾಡ್, ಅಂದರೆ ಸುಮಾರು 250 ಚದರ ಮೀಟರ್. ಅವರು ನಿವೃತ್ತ ನರ್ಸ್. ಅಡುಗೆಮನೆ ಕಿಟಕಿಯ ಹಲಗೆಯೇ ಅವರ ದೇವರ ಗೂಡು. ಒಂದು ಮೋಂಬತ್ತಿ, ಒಂದು ಬಟ್ಟಲು ನೀರು, ಒಂದು ಕಲ್ಲು. ಉಳಿದದ್ದು ಆಯಾ ತಿಂಗಳು ಏನು ಸಿಗುತ್ತದೋ ಅದು. ಫೆಬ್ರವರಿ 1ರ ಹೊತ್ತಿಗೆ ಇಂಬೋಲ್ಕ್. ಆಗ ಮಣ್ಣಿನಿಂದ ಮೊದಲು ತಲೆ ಎತ್ತುವ ಸ್ನೋಡ್ರಾಪ್ ಹೂ. ಆಗಸ್ಟ್ 1ಕ್ಕೆ ಲಾಮಸ್. ಆಗ ಹೊಸ ಗೋಧಿಯ ತೆನೆ, ಅವರೇ ಸುಟ್ಟ ಬ್ರೆಡ್ಡು. ನಮ್ಮ ಕಡೆ ಹೊಸ ಭತ್ತದ ಕದಿರು ತಂದು ಬಾಗಿಲಿಗೆ ಕಟ್ಟುತ್ತಾರಲ್ಲ, ಹಾಗೆ. ಅಕ್ಟೋಬರ್ 31ಕ್ಕೆ ಸಾವಿನ್ (Samhain) ಹಬ್ಬ. ಆ ರಾತ್ರಿ ತೀರಿಹೋದವರಿಗೆ ಅಂತ ಮೇಜಿನ ಮೇಲೆ ಒಂದು ತಟ್ಟೆ ಹೆಚ್ಚು. ಅವರ ಅಪ್ಪನಿಗೆ ಹಂದಿಮಾಂಸದ ಪೈ ಅಂದರೆ ಪ್ರಾಣವಂತೆ, ಅದನ್ನೇ ಇಡುತ್ತಾರೆ. ಹಿರಿಯರ ಎಡೆಗೆ ಬೀಡಿ ಕಟ್ಟು, ಕ್ವಾರ್ಟರ್ ಬಾಟಲಿ ಇಟ್ಟದ್ದನ್ನು ನೋಡಿದವರು ನಾವು. ಇದರಲ್ಲಿ ಆಶ್ಚರ್ಯ ಏನಿದೆ?

ಇಷ್ಟು ಹೇಳಿದರೆ ಸಾಕು, ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮಾತು ಬಂದೇ ಬರುತ್ತದೆ. 'ನೋಡಿ, ಎಲ್ಲಾ ನಮ್ಮಿಂದಲೇ ಹೋಗಿದ್ದು. ಇಡೀ ಪ್ರಪಂಚ ಒಂದು ಕಾಲಕ್ಕೆ ನಮ್ಮದೇ ಆಗಿತ್ತು.' ಈ ಮಾತು ನನಗೆ ಸ್ವಲ್ಪವೂ ಇಷ್ಟವಿಲ್ಲ. ಮೈಸೂರು, ಮಂಡ್ಯ ಕಡೆ ಸಂಕ್ರಾಂತಿ ಸಂಜೆ ದನಗಳಿಗೆ ಕಿಚ್ಚು ಹಾಯಿಸುತ್ತಾರೆ. ಸುಮಾರು ಸಾವಿರ ವರ್ಷ ಹಿಂದಿನ ಐರಿಷ್ ಪದಕೋಶವೊಂದು, ಮೇ ತಿಂಗಳ ಬೆಲ್ಟೇನ್ ಹಬ್ಬಕ್ಕೆ ಎರಡು ಬೆಂಕಿ ಹಾಕಿ ರೋಗ ಬರದಿರಲಿ ಅಂತ ನಡುವೆ ದನ ಹಾಯಿಸುತ್ತಿದ್ದರು ಅನ್ನುತ್ತದೆ. ಅಲ್ಲಿಂದ ಇಲ್ಲಿಗೆ ಯಾರೂ ಹೊತ್ತುಕೊಂಡು ಬರಬೇಕಾಗಿಲ್ಲ. ದನ ಇರುವಲ್ಲಿ ರಕ್ತ ಹೀರುವ ಉಣ್ಣೆಹುಳ ಇರುತ್ತದೆ, ರೋಗ ಇರುತ್ತದೆ. ಬೆಂಕಿ ಎಲ್ಲರ ಹತ್ತಿರವೂ ಇತ್ತು. ಹೆದರಿಕೆಯೂ ಇತ್ತು. ಎರಡು ಊರಿನ ರೈತರು ಒಂದೇ ಥರ ಯೋಚಿಸಿದರು ಅಂದುಕೊಂಡರೆ ನಮಗೇನು ಅವಮಾನವೇ?

ಇನ್ನೂ ಒಂದು ವಿಷಯ. ಈ ಪೇಗನ್ನರ ಧರ್ಮ ನಾವು ಅಂದುಕೊಂಡಷ್ಟು ಹಳೆಯದೂ ಅಲ್ಲ. ಮಲಯಾದಲ್ಲಿ ಕಸ್ಟಮ್ಸ್ ಅಧಿಕಾರಿಯಾಗಿದ್ದು ನಿವೃತ್ತನಾದ ಜೆರಾಲ್ಡ್ ಗಾರ್ಡ್ನರ್ ವಿಕ್ಕಾ ಬಗ್ಗೆ ಬಹಿರಂಗವಾಗಿ ಪುಸ್ತಕ ಬರೆದದ್ದು 1954ರಲ್ಲಿ. ಮಾಟದ ವಿರುದ್ಧದ ಹಳೇ ಕಾನೂನು ರದ್ದಾಗಿದ್ದೇ 1951ರಲ್ಲಿ. ವರ್ಷಕ್ಕೆ ಎಂಟು ಹಬ್ಬ ಅನ್ನುವ ಚಕ್ರ ರೂಪುಗೊಂಡದ್ದೂ ಆ ದಶಕದಲ್ಲೇ. ಗಾರ್ಡ್ನರ್‌ನ ಗುಂಪು, ಮುಂದೆ ಅವನ ಗೆಳೆಯ ರಾಸ್ ನಿಕೋಲ್ಸ್‌ನ ಡ್ರೂಯಿಡ್ (ಪ್ರಾಚೀನ ಬ್ರಿಟನ್ನಿನ ಪುರೋಹಿತರ ಹೆಸರು) ಬಳಗ ಅದನ್ನು ಬಳಕೆಗೆ ತಂದವು. ಸೆಪ್ಟೆಂಬರಿನ ಹಬ್ಬಕ್ಕೆ ಮೇಬನ್ ಅನ್ನುವ ಹೆಸರು ಸಿಕ್ಕಿದ್ದು 1970ರ ದಶಕದಲ್ಲಿ, ಅದೂ ಅಮೆರಿಕದಲ್ಲಿ. ನಮ್ಮ ಬ್ರಿಸ್ಟಲ್ ವಿಶ್ವವಿದ್ಯಾಲಯದ ಇತಿಹಾಸಕಾರ ರೊನಾಲ್ಡ್ ಹಟನ್ ಇದನ್ನೆಲ್ಲ ಕೆದಕಿ, ಆಧುನಿಕ ಪೇಗನ್ ಧರ್ಮ ಇಪ್ಪತ್ತನೇ ಶತಮಾನದ ಕೂಸು ಅಂತ ತೋರಿಸಿಕೊಟ್ಟರು. ನನಗೆ ಹಿಡಿಸಿದ್ದು ಮುಂದಿನದು. ಕೆಲವರು ಮುನಿಸಿಕೊಂಡರೂ ಬಹಳಷ್ಟು ಪೇಗನ್ನರು ಅದನ್ನು ಒಪ್ಪಿದರು, ಹಟನ್ ಅವರನ್ನು ಈಗಲೂ ಕರೆದು ಮಾತಾಡಿಸುತ್ತಾರೆ. ಪಕ್ಕದವರಿಗೆ ಕೇಳಿದ್ದಕ್ಕೆ, 'ಹೊಸದಾದರೆ ಏನಂತೆ? ಹೂ ಅರಳುವುದು ಸುಳ್ಳಲ್ಲವಲ್ಲ' ಅಂದರು. ಹಬ್ಬ ಎಷ್ಟು ಸಾವಿರ ವರ್ಷದ್ದು ಅಂತ ಮೊದಲು ಕೇಳಿ, ಆಮೇಲೆ ಅದರ ಬೆಲೆ ಕಟ್ಟುವ ಅಭ್ಯಾಸ ನಮ್ಮದು. ಇವರಿಗೆ ಆ ಹೊರೆ ಇಲ್ಲ.

ಹೀಗಂದ ಮಾತ್ರಕ್ಕೆ ಇವರದ್ದೆಲ್ಲ ಚೆನ್ನ ಅಂತ ಅಲ್ಲ. ಗ್ಲಾಸ್ಟನ್‌ಬರಿಯ ಪೇಟೆಬೀದಿಗೆ ಹೋಗಿ ನೋಡಿ, ಪೇಗನ್ನರು ಹೆಚ್ಚಾಗಿ ಸೇರುವ ಊರು ಅದು. ಸ್ಫಟಿಕ, ಅಗರಬತ್ತಿ, ಡ್ರೂಯಿಡ್ ಪೆಂಡೆಂಟು, ಪಕ್ಕದಲ್ಲೇ ನಮ್ಮ ಗಣಪತಿ, ಎಲ್ಲಕ್ಕೂ ಬೆಲೆ ಚೀಟಿ. ಇನ್ನು ಊಟ. ಎಂಟು ಹಬ್ಬ ಇದ್ದರೂ ಇದಕ್ಕೆ ಇದೇ ಆಗಬೇಕು ಅನ್ನುವ ಅಡುಗೆ ಕಮ್ಮಿ. ಲಾಮಸ್ಸಿನ ಬ್ರೆಡ್ಡು ಬಿಟ್ಟರೆ ಎಲ್ಲದಕ್ಕೂ ಯಾರೋ ತಂದ ಕೇಕು, ಯಾರೋ ತಂದ ಸೂಪು. ಹೋಳಿಗೆ ಇಲ್ಲದ ಯುಗಾದಿ, ಕಡುಬು ಇಲ್ಲದ ಭೂಮಿ ಹುಣ್ಣಿಮೆ ನಮಗೆ ಊಹಿಸಲೂ ಆಗುವುದಿಲ್ಲ. ಇವರಲ್ಲಿ ಹೆಚ್ಚಿನವರಿಗೆ ಇದನ್ನು ಹೇಳಿಕೊಟ್ಟ ಅಜ್ಜಿ ಇಲ್ಲ. ಪುಸ್ತಕ ಓದಿ, ಕಾರ್ಯಾಗಾರಕ್ಕೆ ದುಡ್ಡು ಕಟ್ಟಿ ಕಲಿಯಬೇಕು. ಆಫೀಸಿನಲ್ಲಿ ಹೇಳಿಕೊಳ್ಳಲು ಮುಜುಗರ ಪಡುವವರೂ ಇದ್ದಾರೆ. ಕಾನೂನಿನ ರಕ್ಷಣೆ ಇದೆ, ಆದರೂ ನಗುವವರ ಬಾಯಿ ಮುಚ್ಚಿಸುವುದು ಯಾರು?

ಅಜ್ಜಿ ಇಲ್ಲದ್ದರಿಂದ ಒಂದು ಅನುಕೂಲವೂ ಆಗಿದೆ ಅನ್ನಿ. ಯಾರ ಮನೆಯವರು ಎಡೆಯ ಬುಟ್ಟಿ ಹೊರಬೇಕು, ಯಾರು ದೂರ ನಿಲ್ಲಬೇಕು ಅನ್ನುವ ಕಟ್ಟುಪಾಡು ಹುಟ್ಟಿನ ಜೊತೆ ಬರುವುದಿಲ್ಲ. ನಾನು ನೋಡಿದ ಕೂಟಗಳಲ್ಲಿ ಮುಂದೆ ನಿಂತು ನಡೆಸುವವರು ಹೆಚ್ಚಾಗಿ ಹೆಂಗಸರೇ. ಮುಟ್ಟಿನ ಮಾತು ಎತ್ತುವವರಿಲ್ಲ. ನಮ್ಮ ಹಬ್ಬಗಳ ಬಗ್ಗೆ ಬರೆಯುವಾಗ ಇದನ್ನು ಬಿಟ್ಟು ಬರೀ ಕಡುಬಿನ ರುಚಿ ಹೇಳುತ್ತಾ ಕೂರುವುದು ನನಗೆ ಸರಿ ಕಾಣುವುದಿಲ್ಲ.

ನಾನು ಹೇಳಬೇಕೆಂದಿರುವುದು ಬೇರೆ. ಇವರ ಹಬ್ಬಕ್ಕೆ 70 ವರ್ಷ, ಆದರೆ ಅದು ಇವರು ನಿಂತ ನೆಲದ್ದು. ನಮ್ಮ ಹಬ್ಬಕ್ಕೆ ನೂರಾರು ವರ್ಷ, ಆದರೆ ಇಲ್ಲಿ ಅದಕ್ಕೆ ಕಾಲಡಿ ನೆಲವೇ ಇಲ್ಲ.

ಬ್ರಿಸ್ಟಲ್‌ನಲ್ಲಿ ಡಿಸೆಂಬರ್ 21ರಂದು ಸೂರ್ಯ ಹುಟ್ಟುವುದೇ 8 ಗಂಟೆ ದಾಟಿದ ಮೇಲೆ. ಸಂಜೆ 4ಕ್ಕೆ ಕತ್ತಲು. ಅಂಥ ದಿನ ಇವರು ಯೂಲ್ ಅಂತ ಬೆಂಕಿ ಹಾಕಿ, ನಾಳೆಯಿಂದ ಬೆಳಕು ಜಾಸ್ತಿ ಅಂತ ಕುಣಿದರೆ ಅದಕ್ಕೆ ಅರ್ಥ ಇದೆ. ನಾವು? ಯುಗಾದಿಯನ್ನು ಹಾಲ್ ಸಿಕ್ಕ ಶನಿವಾರ ಮಾಡುತ್ತೇವೆ. ಪ್ಲಾಸ್ಟಿಕ್ ಮಾವಿನೆಲೆ ಕಟ್ಟುತ್ತೇವೆ. ಬೇವು ಸಿಗದಿದ್ದರೆ ಆರೋಗ್ಯದ ಅಂಗಡಿಯ ಬೇವಿನ ಪುಡಿ. ಕಿಟಕಿಯಾಚೆ ಹಾಥಾರ್ನ್ ಅನ್ನೋ ಮುಳ್ಳುಗಿಡದ ಬೇಲಿ ಚಿಗುರುತ್ತಿರುತ್ತದೆ, ಕಾಡಿನಲ್ಲಿ ಬೆಳ್ಳುಳ್ಳಿ ಸೊಪ್ಪು ಘಮ್ಮೆನ್ನುತ್ತಿರುತ್ತದೆ. ಹೊಸ ಚಿಗುರಿನ ಹಬ್ಬ ಅಂತ ಭಾಷಣ ಮಾಡುವವರು ಯಾರೂ ಆ ಕಡೆ ತಲೆ ಹಾಕಿರುವುದಿಲ್ಲ. ಪೇಗನ್ನರೂ ಹತ್ತಿರದ ಭಾನುವಾರಕ್ಕೆ ಹಬ್ಬ ತಳ್ಳುತ್ತಾರೆ, ಇಲ್ಲ ಅನ್ನುವುದಿಲ್ಲ. ನೌಕರಿ ಎಲ್ಲರಿಗೂ ಒಂದೇ. ಆದರೆ ಪಕ್ಕದವರು ಬೆಲ್ಟೇನ್ ಮಾಡುವುದು ಮೇ 1ಕ್ಕೆ ಅಲ್ಲವೇ ಅಲ್ಲ, ಹಾಥಾರ್ನ್ ಹೂ ಬಿಟ್ಟ ದಿನ. ಒಂದು ವರ್ಷ ಬೇಗ, ಒಂದು ವರ್ಷ ತಡ. ಅವರ ಪಂಚಾಂಗ ಬೇಲಿಯಲ್ಲಿದೆ.

ಆಸ್ಟ್ರೇಲಿಯಾದ ಪೇಗನ್ನರು ಇನ್ನೂ ಗಟ್ಟಿ ಜನ. ಅಲ್ಲಿ ಋತು ಉಲ್ಟಾ ಅಲ್ವಾ? ಬಹುಪಾಲು ಜನ ಇಡೀ ಚಕ್ರವನ್ನೇ ತಿರುಗಿಸಿಬಿಟ್ಟಿದ್ದಾರೆ. ಯೂಲ್ ಜೂನ್‌ನಲ್ಲಿ, ಬೆಲ್ಟೇನ್ ಅಕ್ಟೋಬರ್ ಕೊನೆಗೆ. ಸಿಡ್ನಿಯ ನಮ್ಮ ಕನ್ನಡಿಗರು ಸಂಕ್ರಾಂತಿ ಮಾಡುವಾಗ ಅಲ್ಲಿ ಹಗಲು ದಿನದಿನಕ್ಕೂ ಗಿಡ್ಡವಾಗುತ್ತಿರುತ್ತದೆ. ಉತ್ತರಾಯಣ ಅಂತ ಯಾರಿಗೆ ಹೇಳುವುದು?

ಇದಕ್ಕೆ ನನ್ನ ಹೆಂಡತಿಯದೇ ಒಂದು ಉತ್ತರ ಇದೆ, ಅದು ಸುಮ್ನೆ ತಳ್ಳಿಹಾಕುವಂಥದ್ದಲ್ಲ. 'ನಮಗೆ ಹಬ್ಬ ಅಂದರೆ ಊರಿನವರು ಮಾಡುವ ದಿನ ನಾವೂ ಮಾಡುವುದು. ಅವತ್ತೇ ಅಮ್ಮನಿಗೆ ಫೋನ್ ಮಾಡಿ, ಎಷ್ಟು ಹೋಳಿಗೆ ತಟ್ಟಿದೆ ಅಂತ ಕೇಳೋದು. ನೀವು ತಿಂಗಳು ಬದಲಾಯಿಸಿದರೆ ಆ ಫೋನ್ ಯಾರಿಗೆ ಮಾಡಲಿ?' ಸರಿಯಾದ ಮಾತು. ಯುಗಾದಿ, ದೀಪಾವಳಿ, ಗೌರಿಯನ್ನು ನಾನೂ ಅಲುಗಾಡಿಸಲು ಹೋಗುವುದಿಲ್ಲ. ಅವು ಮನುಷ್ಯರನ್ನು ಮನುಷ್ಯರಿಗೆ ಕಟ್ಟುವ ಹಬ್ಬಗಳು. ಮಕ್ಕಳಿಗೆ ಅಜ್ಜಿಯ ಮುಖ ಸ್ಕ್ರೀನಿನಲ್ಲಾದರೂ ಕಾಣುವ ದಿನ ಅದು.

ಭೂಮಿ ಹುಣ್ಣಿಮೆ ಹಾಗಲ್ಲ. ಅದು ಮಣ್ಣಿನ ಲೆಕ್ಕದ ಹಬ್ಬ. ಆಶ್ವೀಜ ಹುಣ್ಣಿಮೆ ಅಂತ ಯಾಕೆ ಇಟ್ಟರು? ಆಗ ನಮ್ಮ ಕಡೆ ಭತ್ತ ಹೊಡೆಯಾಗಿರುತ್ತದೆ. ಭೂಮಿತಾಯಿ ಬಸುರಿ, ಅವಳಿಗೆ ಬಯಕೆ. ಅದಕ್ಕೇ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆದು, ರಾತ್ರಿಯೆಲ್ಲ ಅಡುಗೆ ಮಾಡಿ, ಕಂಡ ಕಂಡ ಸೊಪ್ಪೆಲ್ಲ ಕೊಯ್ದು ಬೇಯಿಸಿ, ಬೆಳಕು ಹರಿಯುವ ಮುಂಚೆ ಗದ್ದೆಗೆ ಬೀರುವುದು. ಮನೆಯ ಹೆಂಗಸರ ಸರವನ್ನು ಪೈರಿಗೆ ತೊಡಿಸಿ ಪೂಜೆ ಮಾಡುವುದೂ ಉಂಟು. ಅಕ್ಟೋಬರಿನ ಬ್ರಿಸ್ಟಲ್‌ನಲ್ಲಿ ಯಾವ ಪೈರಿಗೆ ಸರ ತೊಡಿಸೋಣ? ಬೀನ್ಸ್ ಬಳ್ಳಿ ಒಣಗಿರುತ್ತದೆ. ಕುಂಬಳ ಮನೆ ಸೇರಿರುತ್ತದೆ. ಹೆತ್ತು, ಬಾಣಂತನವೂ ಮುಗಿಸಿ ಮಲಗಲು ಹೊರಟವಳಿಗೆ ಸೀಮಂತ ಮಾಡಿದ ಹಾಗಾಗುತ್ತದೆ.

ಇಲ್ಲಿ ನೆಲ ಬಸುರಿಯಾಗುವುದು ಜೂನ್, ಜುಲೈನಲ್ಲಿ. ಗೋಧಿ ಹಾಲುಗಟ್ಟುತ್ತಿರುತ್ತದೆ, ಬೀನ್ಸ್ ಬಳ್ಳಿ ತುಂಬಾ ಕೆಂಪು ಹೂ, ಸೇಬು ಗೋಲಿಯಷ್ಟು. ಹಗಲು 16 ಗಂಟೆ. ಆದ್ದರಿಂದ ಜುಲೈ ಹುಣ್ಣಿಮೆಗೆ ಮಾಡೋಣ, ಅಲಾಟ್‌ಮೆಂಟಿನಲ್ಲೇ ಮಾಡೋಣ ಅನ್ನುವುದು ನನ್ನ ಅಭಿಪ್ರಾಯ. ಸೊಪ್ಪಿಗೇನೂ ಬರ ಇಲ್ಲ. ತುರಿಕೆ ಸೊಪ್ಪಿನ ಜಾತಿಯ ನೆಟಲ್ ಇದೆ, ಬೆಂದರೆ ತುರಿಕೆ ಹೋಗುತ್ತದೆ. ಕಾಡು ಹರಿವೆಯಂಥ ಫ್ಯಾಟ್‌ಹೆನ್, ಡ್ಯಾಂಡೆಲಿಯನ್, ಸಾರೆಲ್ ಇದೆ. ಸಾರೆಲ್ ಹುಳಿ, ಅಮಟೆಕಾಯಿ ಇಲ್ಲದ ಕೊರತೆಯನ್ನು ಅಷ್ಟಿಷ್ಟು ನೀಗುತ್ತದೆ. ನೂರೊಂದು ಕುಡಿ ಆಗದಿದ್ದರೂ ಒಂದು ಇಪ್ಪತ್ತಕ್ಕೆ ಮೋಸ ಇಲ್ಲ. ಬಾಳೆ ಎಲೆ ಬೇಕೇ ಬೇಕು ಅನ್ನುವವರು ತಮಿಳರ ಅಂಗಡಿಯಲ್ಲಿ ಕೊಳ್ಳಲಿ.

ನಮ್ಮ ಬಳಗದಲ್ಲಿ ಈ ಮಾತಿಟ್ಟಾಗ ಗಲಾಟೆಯೇ ಆಯಿತು. ಆಷಾಢದಲ್ಲಿ ಹಬ್ಬವೇ ಅಂದರು ಒಬ್ಬರು. ಹಾಗಾದರೆ ನಾಳೆ ಇವರ ಹಾಗೆ ಕಲ್ಲಿನ ಸುತ್ತ ಕುಣಿಯೋಣ ಅಂದರು ಇನ್ನೊಬ್ಬರು. ಮಳೆ ಬಂದರೆ ಅಂತ ಮೂರನೆಯವರು. ಇಂಗ್ಲೆಂಡಿನಲ್ಲಿ ಈ ಕೊನೆಯ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಮೊದಲನೆಯದಕ್ಕೆ ಇದೆ. ಆಷಾಢ ಅಲ್ಲಿ ನಾಟಿಯ ಕಾಲ, ಮಳೆಯ ಕಾಲ, ಕೈಗೆ ಬಿಡುವಿಲ್ಲದ ಕಾಲ. ಇಲ್ಲಿ ಬೇಸಿಗೆ ರಜ. ಎರಡನೆಯವರಿಗೆ, ಬ್ರಿಸ್ಟಲ್‌ನಿಂದ ಅರ್ಧ ಗಂಟೆ ದಾರಿಯ ಸ್ಟ್ಯಾಂಟನ್ ಡ್ರೂ ನೋಡಿಕೊಂಡು ಬನ್ನಿ ಅಂದೆ. ಏವ್‌ಬರಿ ಬಿಟ್ಟರೆ ಅಷ್ಟು ದೊಡ್ಡ ಕಲ್ಲಿನ ವೃತ್ತ ಈ ದೇಶದಲ್ಲಿ ಇಲ್ಲ. ಮದುವೆ ದಿಬ್ಬಣದವರು ಭಾನುವಾರವೂ ಕುಣಿದು ಕಲ್ಲಾದರು ಅಂತ ಅದರ ಕಥೆ. ಕೆಲವು ಕಲ್ಲು ಡ್ರೂಯಿಡ್ಸ್ ಆರ್ಮ್ಸ್ ಅನ್ನುವ ಪಬ್ಬಿನ ಹಿತ್ತಲಲ್ಲೇ ನಿಂತಿವೆ. ಕುಣಿಯದಿದ್ದರೂ ಊಟ ಮಾಡಿಕೊಂಡು ಬರಬಹುದು.

ಪಕ್ಕದವರಿಗೆ ಮಾತ್ರ ಒಂದೇ ವಿಷಯದಲ್ಲಿ ತಕರಾರು. ಭೂಮಿಯ ಎಡೆ ಸರಿ, ಕಾಗೆಯದ್ದೂ ಸರಿ, ಇಲಿಯದ್ದು ಬೇಡವೇ ಬೇಡ ಅಂದರು. ಅಲಾಟ್‌ಮೆಂಟಿನಲ್ಲಿ ಇಲಿ ಕಂಡರೆ ಕೌನ್ಸಿಲ್ಲಿಗೆ ದೂರು ಹೋಗುತ್ತದೆ. ಹಂಚಿ ತಿನ್ನುವುದೇ ಹಬ್ಬ ಅಂತ ನಾನೂ ವಾದ ಮಾಡಿದೆ. ಸದ್ಯಕ್ಕೆ ಇಲಿಯ ಪಾಲು ಹೆಡ್ಜ್‌ಹಾಗ್‌ಗೆ ಅಂತ ರಾಜಿಯಾಗಿದೆ. ಗೊಂಡೆಹುಳು ತಿಂದು ಬೆಳೆ ಉಳಿಸುವ ಪುಟ್ಟ ಮುಳ್ಳುಮೈಯ ಪ್ರಾಣಿಯಂತೆ ಅದು, ಕಡುಬು ಮುಟ್ಟುತ್ತದೋ ಇಲ್ಲವೋ ನೋಡಬೇಕು.