ವೇತನ ಅಂದ ಮೇಲೆ ದುಡಿಯಬೇಕಲ್ವಾ?

ವಿದ್ಯಾರ್ಥಿವೇತನ ಎಂಬ ಪದವನ್ನು ಕಟ್ಟಿದ ಪುಣ್ಯಾತ್ಮನಿಗೆ ಒಂದು ದೊಡ್ಡ ನಮಸ್ಕಾರ. ಸಹಾಯಧನ ಅನ್ನಲಿಲ್ಲ, ಕೊಡುಗೆ ಅನ್ನಲಿಲ್ಲ. ವೇತನ ಅಂದ. ವೇತನ ಅಂದರೆ ಸಂಬಳ. ಸಂಬಳ ಯಾರಾದರೂ ಪುಕ್ಕಟೆ ಕೊಡ್ತಾರಾ? ದುಡಿಯಬೇಕು.

ನಮ್ಮ ಅಕ್ಕನ ಮಗ ಮಂಜ ಹಾಗೆ ಮೂರು ವರ್ಷ ದುಡಿದ. ಹೆಸರಿಗೆ ಬಿ.ಕಾಂ. ಓದುತ್ತಿದ್ದ. ಹಾಸ್ಟೆಲ್‌ನಲ್ಲಿ ಜಾಗ ಸಿಗಲಿಲ್ಲ, ಪೇಟೆಯಲ್ಲಿ ರೂಮು ಮಾಡಿದ. ಹಾಗೆ ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳ ಊಟ, ವಸತಿಗೆಂದೇ 2013ರಲ್ಲಿ ವಿದ್ಯಾಸಿರಿ ಶುರುವಾಯಿತಲ್ಲ, ಮಂಜನ ಕಾಲಕ್ಕೆ ತಿಂಗಳಿಗೆ 1,500 ರೂಪಾಯಿ, ವರ್ಷಕ್ಕೆ 10 ತಿಂಗಳು. ಯೋಜನೆ ಒಳ್ಳೆಯದೇ, ಅದರ ಮೇಲೆ ನನಗೆ ತಕರಾರಿಲ್ಲ. ದಿನಕ್ಕೆ 50 ರೂಪಾಯಿ. ಅದರಲ್ಲಿ ಊಟವನ್ನೂ ಮಾಡಬಹುದು, ಬಾಡಿಗೆಯನ್ನೂ ಕಟ್ಟಬಹುದು, ಎರಡರಲ್ಲಿ ಒಂದನ್ನು ಬಿಟ್ಟರೆ.

ಕೆಲಸಕ್ಕೆ ಸೇರಲು ಮೊದಲು ಬಡವ ಅಂತ ಸಾಬೀತಾಗಬೇಕು. ಅದಕ್ಕೆ ನಾಡಕಚೇರಿ. ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕು, ಅದರ ಮೇಲೆ ಆರ್‌ಡಿ ಅಂತ ಶುರುವಾಗುವ ಪತ್ರದ ನಂಬರ್ ಇರಬೇಕು. ಮಂಜನ ಅಪ್ಪ ಗಾರೆ ಕೆಲಸದವರು. ಕೇಳಿದ್ದಕ್ಕೆ ಇದ್ದದ್ದು ಇದ್ದ ಹಾಗೆ ಕೂಲಿಯ ಲೆಕ್ಕ ಹೇಳಿದರು. ಸತ್ಯ ಹೇಳುವವರಿಗೆ ಸರ್ಕಾರಿ ಕಚೇರಿಯಲ್ಲಿ ಜಾಸ್ತಿ ಹೊತ್ತು ಹಿಡಿಯುತ್ತದೆ. ಅದೇ ಸಾಲಿನಲ್ಲಿ ನಮ್ಮೂರಿನ ಎರಡು ಅಂತಸ್ತಿನ ಮನೆಯವರೊಬ್ಬರು ಬಂದು, ವರ್ಷಕ್ಕೆ 11 ಸಾವಿರ ಆದಾಯ ಅಂತ ಪತ್ರ ತಗೊಂಡು, ಕಾರು ಹತ್ತಿ ಹೋದರು. ಪಾಪ, ಪೆಟ್ರೋಲ್‌ಗೆ ಏನು ಮಾಡ್ತಾರೋ.

ಬಡವರಲ್ಲೂ ದರ್ಜೆಗಳಿವೆ ಅಂತ ನನಗೆ ಗೊತ್ತಾಗಿದ್ದು ಅಲ್ಲೇ. ಮೀಸಲಾತಿ ಇಲ್ಲದ ಜಾತಿಗಳ ‘ಆರ್ಥಿಕವಾಗಿ ದುರ್ಬಲ’ರಿಗೆ 2019ರಲ್ಲಿ ಕೇಂದ್ರ ಮೀಸಲಾತಿ ತಂದಾಗ ಆದಾಯದ ಮಿತಿ ವರ್ಷಕ್ಕೆ 8 ಲಕ್ಷ. ಅಂದರೆ ತಿಂಗಳಿಗೆ 66 ಸಾವಿರ ಬಂದರೂ ದುರ್ಬಲರೇ. ಕೇಂದ್ರದ್ದೇ ಪರಿಶಿಷ್ಟ ಜಾತಿಯ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಮಿತಿ 2.5 ಲಕ್ಷ. ಅಲ್ಲಿ ಅಪ್ಪ ತಿಂಗಳಿಗೆ 21 ಸಾವಿರ ದುಡಿದರೆ ಮಗ ಸಿರಿವಂತ. ಅರವತ್ತಾರು ಸಾವಿರದ ಬಡತನ, ಇಪ್ಪತ್ತೊಂದು ಸಾವಿರದ ಸಿರಿತನ. ಇದನ್ನು ಲೆಕ್ಕದ ಮೇಷ್ಟ್ರ ಮುಂದಿಟ್ಟೆ. ಕನ್ನಡಕ ತೆಗೆದು ಒರೆಸಿಕೊಂಡರು.

ಆಮೇಲೆ ಅರ್ಜಿ. ರಾಜ್ಯದ ಬಹುತೇಕ ವಿದ್ಯಾರ್ಥಿವೇತನಕ್ಕೆ ಒಂದೇ ಬಾಗಿಲು, ಎಸ್‌ಎಸ್‌ಪಿ ಎಂಬ ಪೋರ್ಟಲ್. ಬಾಗಿಲು ಒಂದೇ ಆದ್ದರಿಂದ ಒದ್ದಾಟವೂ ಅಲ್ಲೇ. ಹಗಲು ಸರ್ವರ್ ಇರುವುದಿಲ್ಲ. ಮಂಜ ರಾತ್ರಿ ಪಾಳಿ ಮಾಡಿದ. ಬೆಳಗಿನ ಜಾವ ಎರಡಕ್ಕೆ ಪೇಜು ತೆರೆಯಿತು. ಓಟಿಪಿ ಅಪ್ಪನ ಮೊಬೈಲಿಗೆ ಹೋಯಿತು. ಅಪ್ಪ ಊರಲ್ಲಿ ಮಲಗಿದ್ದರು. ಫೋನ್ ಮಾಡಿ ಎಬ್ಬಿಸಿ, ಅವರು ಗಾಬರಿಯಿಂದ ಎದ್ದು, ‘ಏನಾಯ್ತೋ ಮಗಾ’ ಅಂತ ಅತ್ತು, ಕನ್ನಡಕ ಹುಡುಕಿ ನಂಬರ್ ಓದುವಷ್ಟರಲ್ಲಿ ಓಟಿಪಿಯ ಆಯುಸ್ಸು ಮುಗಿದಿತ್ತು.

ಅದೂ ದಾಟಿದ. ಆಗ ಹೆಸರಿನ ತಕರಾರು. ಮಾರ್ಕ್ಸ್ ಕಾರ್ಡಿನಲ್ಲಿ ಅವನು ಮಂಜುನಾಥ. ಆಧಾರ್‌ನಲ್ಲಿ ಮಂಜುನಾಥ್. ಇಂಗ್ಲಿಷಿನಲ್ಲಿ ಕೊನೆಯ ‘ಎ’ ಒಂದಿಲ್ಲ, ಅಷ್ಟೇ. ಪೋರ್ಟಲ್ ಪ್ರಕಾರ ಓದುವವನೊಬ್ಬ, ಊಟ ಮಾಡುವವನು ಇನ್ನೊಬ್ಬ. ಆಧಾರ್‌ನಲ್ಲಿ ಹೆಸರು ಬದಲಾಯಿಸಲು ಜೀವಮಾನದಲ್ಲಿ ಎರಡೇ ಅವಕಾಶ. ಮದುವೆಗೂ ಇಂಥ ಕಟ್ಟುನಿಟ್ಟು ಇಲ್ಲ. ಮಂಜ ಒಂದು ಅವಕಾಶವನ್ನು ಒಂದು ಅಕ್ಷರಕ್ಕೆ ಖರ್ಚು ಮಾಡಿದ. ವರ್ಷದ 15 ಸಾವಿರ ಆ ‘ಎ’ ಮೇಲೆ ನಿಂತಿತ್ತು ನೋಡಿ.

ಕೊನೆಗೆ ಬ್ಯಾಂಕು.

‘ಸಾರ್, ಆಧಾರ್ ಲಿಂಕ್ ಆಗಿದೆಯಾ?’

‘ಆಗಿದೆ.’

‘ಹಾಗಾದ್ರೆ ದುಡ್ಡು ಯಾಕೆ ಬಂದಿಲ್ಲ?’

‘ಲಿಂಕ್ ಆಗಿದೆಯಪ್ಪ. ಸೀಡಿಂಗ್ ಆಗಿಲ್ಲ.’

ಲಿಂಕಿಗೂ ಸೀಡಿಂಗಿಗೂ ಇರುವ ವ್ಯತ್ಯಾಸ ಮಂಜನಿಗೆ ಮನವರಿಕೆಯಾಗುವ ಹೊತ್ತಿಗೆ ನಾಲ್ಕನೇ ಸೆಮಿಸ್ಟರ್ ಮುಗಿದಿತ್ತು. ದ್ವೈತ, ಅದ್ವೈತದ ವ್ಯತ್ಯಾಸ ಇದಕ್ಕಿಂತ ಬೇಗ ತಿಳಿಯುತ್ತದೆ. ಲಿಂಕ್ ಅಂದರೆ ಖಾತೆಗೆ ಆಧಾರ್ ಸೇರಿಸುವುದು, ಸೀಡಿಂಗ್ ಅಂದರೆ ಸರ್ಕಾರದ ದುಡ್ಡಿಗೆ ಇದೇ ಖಾತೆ ಅಂತ ಗುರುತು ಹಾಕುವುದು. ಆಧಾರ್ ಸಂಖ್ಯೆ ಕೊನೆಯದಾಗಿ ಯಾವ ಖಾತೆಗೆ ಸೀಡ್ ಆಗಿದೆಯೋ ಸರ್ಕಾರದ ದುಡ್ಡು ಅಲ್ಲಿಗೇ ಹೋಗುವುದು. ಹಿಂದೊಮ್ಮೆ ಸಿಮ್ ಕೊಳ್ಳುವಾಗ ಮಂಜ ಎರಡು ಸಲ ಹೆಬ್ಬೆಟ್ಟು ಒತ್ತಿದ್ದ. ಒಂದು ಸಿಮ್‌ಗೆ. ಇನ್ನೊಂದು, ಅವನಿಗೇ ಗೊತ್ತಿಲ್ಲದೆ ತೆರೆದ ಖಾತೆಗೆ. ಮೊದಲ ವರ್ಷದ ದುಡ್ಡು ನೆಟ್ಟಗೆ ಅಲ್ಲಿಗೆ ಹೋಗಿ ಕೂತಿತ್ತು. ತೆಗೆಯಬೇಕಾದರೆ ಆ ಸಿಮ್‌ಗೆ ಓಟಿಪಿ ಬರಬೇಕು. ರೀಚಾರ್ಜ್ ಮಾಡಿಸದೆ ಸಿಮ್ ಸತ್ತು ಎರಡು ವರ್ಷ.

ಮಿಕ್ಕ ದುಡ್ಡು ಡಿಗ್ರಿ ಮುಗಿದ ಮೇಲೆ ಬಂತು. ಕೆಲಸ ಬಿಟ್ಟ ಮೇಲೆ ಬಂದರೆ ಅದನ್ನು ಸಂಬಳ ಅನ್ನಲ್ಲ, ಪಿಂಚಣಿ ಅಂತಾರೆ. ಅಕ್ಕ ಸಂಭ್ರಮದಿಂದ ದೇವರಿಗೆ ತುಪ್ಪದ ದೀಪ ಹಚ್ಚಿದಳು.

‘ಇನ್ನು ಯುವನಿಧಿಗೆ ಹಾಕೋ,’ ಅಂದೆ. ಡಿಗ್ರಿ ಮುಗಿಸಿ ಕೆಲಸ ಸಿಗದವರಿಗೆ ತಿಂಗಳಿಗೆ 3,000. ಓದುವಾಗ 1,500, ಓದಿ ಮನೆಯಲ್ಲಿ ಕೂತರೆ ಅದರ ಎರಡರಷ್ಟು. ಬಡ್ತಿ ಅಂದರೆ ಇದೇ ಅಲ್ವಾ?

‘ಬೇಡ ಮಾವ,’ ಅಂದ ಮಂಜ. ‘ನಂಗೆ ಕೆಲಸ ಸಿಕ್ತು.’

ಮೂರು ವರ್ಷ ಎಡತಾಕಿದ ಸೈಬರ್ ಸೆಂಟರಿನ ಮಾಲೀಕರೇ ಕರೆದು ಕೊಟ್ಟಿದ್ದಾರೆ. ಬಿ.ಕಾಂ. ನೋಡಿ ಅಲ್ಲ, ಅನುಭವ ನೋಡಿ. ವಿದ್ಯಾರ್ಥಿವೇತನದ ಅರ್ಜಿ ತುಂಬುವ ಕೆಲಸ, ಅರ್ಜಿಗೆ ನೂರು ರೂಪಾಯಿ ಚಾರ್ಜು. ಮೊನ್ನೆ ಹೋದಾಗ ಎದುರಿಗೊಬ್ಬ ಹುಡುಗಿ ನಿಂತಿದ್ದಳು. ಮಾರ್ಕ್ಸ್ ಕಾರ್ಡಿನಲ್ಲಿ ಲಕ್ಷ್ಮಿ, ಆಧಾರ್‌ನಲ್ಲಿ ಲಕ್ಷ್ಮೀ. ಮಂಜ ಎರಡೂ ಕಾರ್ಡು ತಿರುಗಿಸಿ ನೋಡಿ ಕುರ್ಚಿ ಎಳೆದು ಕೊಟ್ಟ.

‘ಕೂತ್ಕೊಳಮ್ಮ. ಸರ್ವರ್ ಇಲ್ಲ.’